ನಮ್ಮೂರ ಶಾಲೆಯ ಚರಿತ್ರೆ ಮಕ್ಕಳೇ ಬರೆಯಲಿ
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಸಂಘದ ಲೆಕ್ಕಪತ್ರದ ಮಾತು ಬೆಳಗಿನಿಂದ ಬಹಳ ಆಯಿತು. ನಾವು ಶಾಲೆಯ ಬಗ್ಗೆ ಎರಡು ಮಾತು ಹೇಳುತ್ತೇವೆ. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ನಮಗೆಲ್ಲ ಬಾಯಿಪಾಠ. ಆದರೆ "ನಮ್ಮೂರ ಶಾಲೆ ಯಾವಾಗ ಸುರುವಾಯ್ತು?" ಅಂತ ಹುಡುಗರು ಕೇಳಿದರೆ ನಾವು ಮಾಸ್ತರ ಮುಖ ನೋಡುತ್ತೇವೆ.

ಅದಕ್ಕೇ ಕಳೆದ ವರ್ಷ ಏಳನೆಯ ತರಗತಿಯ ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಿದೆವು. ಹೆಡ್‌ಮಾಸ್ತರರು ತಾವೇ ಮುಂದೆ ಕೂತು ಹಳೆಯ ದಾಖಲಾತಿ ರಜಿಸ್ಟರ್ ತೋರಿಸಿದರು. ಮೊದಲು ಮಕ್ಕಳಿಗೆ ನಗು ಬಂತು. ಅರ್ಧ ಊರಿನ ಹುಟ್ಟಿದ ದಿನ ಜೂನ್ 1! ಮನೆಯವರಿಗೆ ತಾರೀಖು ಗೊತ್ತಿಲ್ಲದಿದ್ದರೆ, ಶಾಲೆ ಸುರುವಾಗುವ ತಿಂಗಳಿಗೆ ವಯಸ್ಸು ಹೊಂದಿಸಿ ಮಾಸ್ತರರು ಬರೆದದ್ದು ಅದು.

ಆಮೇಲೆ ನಗು ನಿಂತಿತು. 'ಶಾಲೆ ಬಿಟ್ಟ ಕಾರಣ' ಎಂಬಲ್ಲಿ ಎಷ್ಟೋ ಹೆಣ್ಣುಮಕ್ಕಳ ಮುಂದೆ ಒಂದೇ ಮಾತು: ಸತತ ಗೈರುಹಾಜರಿ. ಒಬ್ಬ ಹುಡುಗಿ ಅಲ್ಲಿ ತನ್ನ ಅಜ್ಜಿಯ ಹೆಸರು ಕಂಡು ಮನೆಗೆ ಹೋಗಿ ಕೇಳಿದಳು. "ಅವ್ವ ಅಪ್ಪ ಕೂಲಿಗೆ ಹೋಗೋರು. ಕೂಸು ಆಡ್ಸಾಕ ಮನ್ಯಾಗ ಯಾರಿದ್ರವಾ?" ಅಂದಳಂತೆ ಅಜ್ಜಿ. ರಜಿಸ್ಟರೂ ಸುಳ್ಳಲ್ಲ, ಅಜ್ಜಿಯೂ ಸುಳ್ಳಲ್ಲ. ಎರಡನ್ನೂ ಬರೆದರೇ ಚರಿತ್ರೆ.

ಭೂಗೋಳವೂ ಹಾಗೆಯೇ. ಮಕ್ಕಳು ಒಂದೊಂದು ಓಣಿಯಿಂದ ಶಾಲೆಗೆ ಹೆಜ್ಜೆ ಎಣಿಸಿ ನಕಾಶೆ ಬರೆದರು. ಹಾಜರಿಯನ್ನೂ ಪಕ್ಕಕ್ಕಿಟ್ಟು ನೋಡಿದಾಗ, ಮಳೆಗಾಲದಲ್ಲಿ ತಪ್ಪಿಸಿಕೊಳ್ಳುವವರೆಲ್ಲ ಹಳ್ಳದ ಆಚೆಯವರೇ! ಅವರನ್ನು ಮೈಗಳ್ಳರೆಂದು ಬೈದವರು ನಾವೇ. ಹಳ್ಳಕ್ಕೆ ದಾಟು ಇಲ್ಲವೆಂಬುದು ನಮಗೆ ಹೊಳೆದಿರಲಿಲ್ಲ. ಈಗ ಆ ನಕಾಶೆ ಹಿಡಿದೇ ಗ್ರಾಮ ಪಂಚಾಯತಿಗೆ ಅರ್ಜಿ ಕೊಟ್ಟಿದ್ದೇವೆ.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟು. ಮಕ್ಕಳು ಕೇಳಲು ಬಂದರೆ "ಹೋಗಲೇ, ಕೆಲಸ ಐತಿ" ಅನ್ನಬೇಡಿ. ಟ್ರಂಕಿನಲ್ಲಿರುವ ಹಳೆಯ ಫೋಟೋ, ಮುಲ್ಕಿ ಪರೀಕ್ಷೆಯ ಸರ್ಟಿಫಿಕೇಟು ತೆಗೆದು ತೋರಿಸಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಲ್ಲಿ ಕೇಳಿ ತಾಳೆ ನೋಡಲು ಕಲಿಸಿ. ನಮ್ಮ ಸೀಮೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, 1997ರವರೆಗೆ ಧಾರವಾಡ ಜಿಲ್ಲೆಯಲ್ಲಿತ್ತು. ಹಳೆಯ ಕಾಗದ ಹುಡುಕುವಾಗ ಇದು ನೆನಪಿರಲಿ. ಒಬ್ಬರ ಜಾತಿ, ಮನೆತನದ ಗುಟ್ಟು ಮಾತ್ರ ಮಕ್ಕಳ ವಹಿಯಲ್ಲಿ ಬೇಡ. ಆದರೆ ಯಾರನ್ನು ಹೊರಗೆ ಕೂಡ್ರಿಸಿದ್ದರು ಎಂದು ಮಕ್ಕಳು ಕೇಳಿದರೆ ಮುಚ್ಚಿಡಬೇಡಿ.

ರಜಿಸ್ಟರಿಗೆ ಗೆದ್ದಲು ಹತ್ತುತ್ತಿದೆ, ಹೇಳಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಮಕ್ಕಳ ವಹಿಗೆ ಸಂಘದ ಕಪಾಟಿನಲ್ಲಿ ಜಾಗ ಮಾಡಿದ್ದೇವೆ. ಅದನ್ನು ತುಂಬಿಸುವುದು ನಿಮ್ಮ ಕೈಯಲ್ಲಿದೆ ಎಂದು ಹೇಳಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಹಿಂದ್, ಜೈ ಕರ್ನಾಟಕ.