ಟೆಂಡರ್ ಅವರದು, ದುಡಿಮೆ ನಮ್ಮದು!

(ಕನ್ನಡ ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪಿ.ಯು.ಸಿ. ಮುಗಿಸಿ ಪ್ರೆಸ್ಸಿಗೆ ಇಳಿದವನು. ನಿಮ್ಮ ಕರಪತ್ರ, ಪೋಸ್ಟರು, ರಾಜ್ಯೋತ್ಸವದ ರಸೀದಿ ಪುಸ್ತಕ ಅಚ್ಚು ಹಾಕುವವನನ್ನು ತಂದು ಮೈಕಿನ ಮುಂದೆ ನಿಲ್ಲಿಸಿದ್ದೀರಿ. ನನಗೆ ಗೊತ್ತಿರುವುದು ನನ್ನ ಕಸುಬು. ಅದರ ಮೇಲೆಯೇ ಮಾತಾಡುತ್ತೇನೆ. ಸರ್ಕಾರದ ಕೆಲಸ ನಮ್ಮ ಓಣಿಯ ಸಣ್ಣ ಪ್ರೆಸ್ಸಿಗೆ, ಸಣ್ಣ ಕಾರ್ಖಾನೆಗೆ ಯಾಕೆ ಸಿಗುತ್ತಿಲ್ಲ? ಸಿಗುವಂತೆ ಮಾಡಲು ನಿಮ್ಮ ಕೈಯಲ್ಲಿ ಏನಾಗುತ್ತದೆ?

ಸರ್ಕಾರಿ ಕಚೇರಿಯ ರಿಜಿಸ್ಟರು, ನಮೂನೆ, ರಸೀದಿ ಪುಸ್ತಕ ಇವೆಲ್ಲ ಎಷ್ಟೋ ಸಲ ಹೇಗೆ ತಯಾರಾಗುತ್ತವೆ ಕೇಳಿ. ಟೆಂಡರ್ ಗೆಲ್ಲುವವನು ಒಬ್ಬ ದೊಡ್ಡ ಕುಳ. ಅವನು ಆ ಕೆಲಸವನ್ನು ಇನ್ನೊಬ್ಬನಿಗೆ ದಾಟಿಸುತ್ತಾನೆ, ಅವನು ಮತ್ತೊಬ್ಬನಿಗೆ. ಕಡೆಗೆ ಅದು ಜಾಬ್‌ವರ್ಕ್ ಅಂತ ನಮ್ಮಂಥ ಸಣ್ಣ ಪ್ರೆಸ್ಸಿಗೇ ಬಂದು ಬೀಳುತ್ತದೆ. ಪ್ಲೇಟು ನಮ್ಮದು, ಕರೆಂಟು ನಮ್ಮದು, ರಾತ್ರಿ ಹತ್ತರವರೆಗೆ ಕೂತು ಫಾರಂ ಮಡಚುವ, ಹೊಲಿಗೆ ಹಾಕುವ ಹೆಣ್ಣುಮಕ್ಕಳು ನಮ್ಮವರು. ಬಿಲ್ಲು ಮಾತ್ರ ಅವನದು! ನಡುವೆ ಸೋರಿಹೋಗುವ ದುಡ್ಡು ಆ ಹೆಣ್ಣುಮಕ್ಕಳ ಕೂಲಿ, ಗೆಳೆಯರೆ.

ನನ್ನ ಪ್ರೆಸ್ಸಿಗೂ ಹೀಗೆ ಒಂದು ಸಂಸ್ಥೆಯ ರಿಜಿಸ್ಟರುಗಳು ಎರಡು ವರ್ಷ ಬಂದವು. ಮೂರನೇ ವರ್ಷ ನಾನೇ ನೇರವಾಗಿ ಟೆಂಡರ್ ಹಾಕುತ್ತೇನೆಂದು ಹೋದೆ. ‘ಸರ್ಕಾರಿ ಕೆಲಸ ಮಾಡಿದ ಅನುಭವ ಪತ್ರ ತನ್ನಿ’ ಎಂದರು. ಅವರ ಬೀರುವಿನಲ್ಲಿ ಸಾಲಾಗಿ ನಿಂತಿದ್ದ ರಿಜಿಸ್ಟರುಗಳೇ ನನ್ನ ಅನುಭವ. ಆದರೆ ಯಾವ ಕಾಗದದಲ್ಲೂ ನನ್ನ ಹೆಸರಿಲ್ಲವಲ್ಲ!

ಈ ಮಾತು ಹೇಳಿದ ಕೂಡಲೇ ‘ಎಲ್ಲಾ ಫಿಕ್ಸು ಸಾರ್, ನಮ್ಮಂಥವರಿಗಲ್ಲ’ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. ಕೆಲಸಕ್ಕೆ ಸಂಬಂಧವೇ ಇಲ್ಲದಷ್ಟು ದೊಡ್ಡ ವಹಿವಾಟು ಕೇಳುವುದು, ಯಾವನೋ ಒಬ್ಬನ ಬಳಿ ಮಾತ್ರ ಇರುವ ಮಿಷನ್ನಿನ ವಿವರವನ್ನೇ ಷರತ್ತಾಗಿ ಬರೆಯುವುದು, ಇಂಥದ್ದೆಲ್ಲ ನಡೆಯುತ್ತದೆ. ಉಳಿದ ಅರ್ಧ ಸತ್ಯ ಏನೆಂದರೆ, ನಮ್ಮವರಲ್ಲಿ ಹೆಚ್ಚಿನವರು ಆ ಷರತ್ತನ್ನು ಓದುವುದೇ ಇಲ್ಲ. ಓದದವನು ಜಗಳವಾದರೂ ಯಾವುದರ ಮೇಲೆ ಆಡಿಯಾನು?

ಜಗಳಕ್ಕೂ ಒಂದು ಹೊತ್ತಿದೆ. ನಮ್ಮ ರಾಜ್ಯದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಇದೆ. ಕೆ.ಟಿ.ಪಿ.ಪಿ. ಎಂದರೆ ಎಲ್ಲರಿಗೂ ಗೊತ್ತು. ರಾಜ್ಯದ ಟೆಂಡರುಗಳು ಈಗ ಕೆ.ಪಿ.ಪಿ.ಪಿ. ಜಾಲತಾಣದಲ್ಲಿ ಬರುತ್ತವೆ. ಬಹಳಷ್ಟು ಟೆಂಡರುಗಳಲ್ಲಿ ಪ್ರಿ-ಬಿಡ್ ಸಭೆ ಅಂತ ಒಂದು ದಿನ ಇಟ್ಟಿರುತ್ತಾರೆ. ಯಾವ ಷರತ್ತು ಅನ್ಯಾಯದ್ದು, ಯಾಕೆ ಅನ್ಯಾಯದ್ದು ಎಂದು ಬರವಣಿಗೆಯಲ್ಲಿ ಕೊಡಬೇಕಾದದ್ದು ಆಗ. ‘ರಿಜಿಸ್ಟರ್ ಅಚ್ಚು ಮಾಡಲು ನಾಲ್ಕು ಬಣ್ಣದ ಮಿಷನ್ ಯಾಕೆ ಬೇಕು?’ ಎಂದು ಒಂದೇ ಸಾಲು ಬರೆದು ಕೊಡಿ. ಕಡತಕ್ಕೆ ಸೇರಿದ ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಳ್ಳುವುದು ಅಧಿಕಾರಿಗೂ ಸುಲಭವಲ್ಲ. ನಮ್ಮವರು ಮಾಡುವುದೇನು? ಆ ದಿನ ಮಲಗಿದ್ದು, ಬಿಡ್ ತೆರೆದ ಮೇಲೆ ಧರಣಿ ಕೂರಲು ನಿಮ್ಮನ್ನು ಕರೆಯುತ್ತಾರೆ! ಟೆಂಡರ್ ಹಾಕಿ ಅನ್ಯಾಯವಾದರೆ ಅದೇ ಕಾಯಿದೆಯ 16ನೇ ಕಲಮಿನಲ್ಲಿ ಮೇಲ್ಮನವಿಗೆ ದಾರಿಯಿದೆ. ಆದೇಶ ಕೈಗೆ ಬಂದ 30 ದಿನದೊಳಗೆ ಹಾಕಬೇಕು.

ಇನ್ನು ಕೇಂದ್ರದ ಸಂಸ್ಥೆಗಳು. ಎಚ್.ಎ.ಎಲ್., ಬಿ.ಇ.ಎಲ್., ಬಿ.ಇ.ಎಂ.ಎಲ್., ಯಲಹಂಕದ ರೈಲು ಗಾಲಿ ಕಾರ್ಖಾನೆ, ಎಲ್ಲವೂ ನಮ್ಮ ನೆಲದ ಮೇಲೆಯೇ ಇವೆ. ಇವುಗಳಿಗೆಲ್ಲ 2012ರ ಒಂದು ಆದೇಶ ಅನ್ವಯಿಸುತ್ತದೆ. ವರ್ಷದ ಖರೀದಿಯಲ್ಲಿ ಇಂತಿಷ್ಟು ಪಾಲನ್ನು ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದಲೇ ಕೊಳ್ಳಬೇಕು. ಮೊದಲು ಶೇಕಡಾ 20 ಇತ್ತು, 2019ರ ಏಪ್ರಿಲ್‌ನಿಂದ ಶೇಕಡಾ 25 ಆಗಿದೆ. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದವರ ಉದ್ದಿಮೆಗೆ ಶೇಕಡಾ 4, ಹೆಂಗಸರ ಉದ್ದಿಮೆಗೆ ಶೇಕಡಾ 3. ಟೆಂಡರ್ ಫಾರಂ ಪುಕ್ಕಟೆ, ಇ.ಎಂ.ಡಿ. ಹಣ ಕಟ್ಟಬೇಕಾಗಿಲ್ಲ. 358 ಬಗೆಯ ಮಾಲನ್ನು ಸಣ್ಣವರಿಂದ ಮಾತ್ರ ಕೊಳ್ಳಬೇಕೆಂಬ ಪಟ್ಟಿಯೂ ಇದೆ.

ಅದರಲ್ಲೇ ಇನ್ನೊಂದು ಮಾತಿದೆ, ಕಿವಿಗೊಟ್ಟು ಕೇಳಿ. ಎಲ್ಲರಿಗಿಂತ ಕಡಿಮೆ ದರ ಹಾಕಿದವನು ದೊಡ್ಡ ಕಂಪನಿಯವನು, ಅವನದು 100 ರೂಪಾಯಿ ಎನ್ನಿ. ನಿಮ್ಮ ಓಣಿಯ ಸಣ್ಣ ಕಾರ್ಖಾನೆಯವನು 112 ಹಾಕಿದ್ದಾನೆ. ಅವನು ಸೋತ ಹಾಗಲ್ಲ! ಶೇಕಡಾ 15ರ ಅಂತರದೊಳಗೆ ಇದ್ದರೆ, 100 ರೂಪಾಯಿಗೆ ಇಳಿಯಲು ಒಪ್ಪಿದರೆ, ಭಾಗ ಮಾಡಬಹುದಾದ ಮಾಲಿನಲ್ಲಿ ಕಾಲು ಭಾಗದ ಆರ್ಡರು ಸಣ್ಣವರಿಗೆ ಸಿಗಬೇಕು. ಆದರೆ ಇವೆಲ್ಲ ಮಾಲು ತಯಾರಿಸುವವರಿಗೆ, ಸೇವೆ ಕೊಡುವವರಿಗೆ ಮಾತ್ರ. ತಂದು ಮಾರುವ ವ್ಯಾಪಾರಿಗೆ ಇಲ್ಲ. ಕೈಯಲ್ಲಿ ಉದ್ಯಮ್ ನೋಂದಣಿ ಇರಬೇಕು. ಅದಕ್ಕೆ ಒಂದು ಪೈಸೆ ಶುಲ್ಕವಿಲ್ಲ. ಸಾವಿರಾರು ರೂಪಾಯಿ ಕೇಳುವ ಏಜೆಂಟರನ್ನು ಬಾಗಿಲಲ್ಲೇ ನಿಲ್ಲಿಸಿ.

ಇಷ್ಟೆಲ್ಲ ಇದ್ದೂ ನಮ್ಮವರು ಯಾಕೆ ಹಿಂದೆ? ಟೆಂಡರ್ ದಾಖಲೆ ಅರವತ್ತು ಪುಟ ಇರುತ್ತದೆ, ಬಹುಪಾಲು ಇಂಗ್ಲಿಷಿನಲ್ಲಿ. ಕನ್ನಡ ಆಡಳಿತ ಭಾಷೆ ಎಂದು 1963ರಲ್ಲೇ ಕಾಯಿದೆ ಆಯಿತು. ಆದರೂ ಕನ್ನಡದಲ್ಲೇ ಅಚ್ಚಾಗಬೇಕಾದ ನಮೂನೆಗೆ ಕನ್ನಡದ ಮುದ್ರಕ ಇಂಗ್ಲಿಷಿನಲ್ಲಿ ಅರ್ಜಿ ಹಾಕಬೇಕು! ಕಡೇಪಕ್ಷ ಅರ್ಹತೆಯ ಷರತ್ತು, ದರಪಟ್ಟಿ, ಕೊನೆಯ ದಿನಾಂಕ ಇಷ್ಟನ್ನಾದರೂ ಕನ್ನಡದಲ್ಲಿ ಕೊಡಿ ಎಂದು ಕೇಳುವುದು ನಿಮ್ಮ ಸಂಘಟನೆಯ ಕೆಲಸ. ಕೇಳಿ, ಗಟ್ಟಿಯಾಗಿಯೇ ಕೇಳಿ. ಆದರೆ ಅಲ್ಲಿಯವರೆಗೆ ಕೈಕಟ್ಟಿ ಕೂರಬೇಡಿ.

ನೀವು ಓದಿದವರು. ಇಂಗ್ಲಿಷ್ ಬರುತ್ತದೆ, ಕಂಪ್ಯೂಟರ್ ಬರುತ್ತದೆ. ನಿಮ್ಮ ಬೀದಿಯಲ್ಲಿ ಒಬ್ಬ ಬಡಗಿ ಇದ್ದಾನೆ, ಸಮವಸ್ತ್ರ ಹೊಲಿಯುವ ಅಕ್ಕ ಇದ್ದಾಳೆ, ಪೀಣ್ಯದಲ್ಲಿ ಒಂದು ಲೇತ್ ಇಟ್ಟುಕೊಂಡ ನಿಮ್ಮ ಮಾವನೇ ಇರಬಹುದು. ಅವರಲ್ಲಿ ಒಬ್ಬರನ್ನು ಹಿಡಿದುಕೊಳ್ಳಿ. ಜಿ.ಎಸ್.ಟಿ., ಪ್ಯಾನ್, ಉದ್ಯಮ್, ಮೂರು ವರ್ಷದ ಲೆಕ್ಕಪತ್ರ ಎಲ್ಲ ಒಂದು ಫೈಲಿನಲ್ಲಿ ಜೋಡಿಸಿಕೊಡಿ. ಡಿಜಿಟಲ್ ಸಹಿ ಮಾಡಿಸಿಕೊಡಿ. ಕೆ.ಪಿ.ಪಿ.ಪಿ.ಯಲ್ಲೂ ಕೇಂದ್ರದ ಜೆಮ್‌ನಲ್ಲೂ ಹೆಸರು ಹಚ್ಚಿಸಿ. ವಾರಕ್ಕೆ ಎರಡು ಸಲ ಹುಡುಕಿ, ಹೊಂದುವ ಟೆಂಡರು ಕಂಡರೆ ಓದಿ ಹೇಳಿ. ದರ ಅವರು ಹಾಕಲಿ, ಅದರಲ್ಲಿ ನೀವು ಕೈ ಹಾಕಬೇಡಿ. ರೀಮಿಗೆ ಎಷ್ಟು ಹಾಳೆ ವೇಸ್ಟ್ ಹೋಗುತ್ತದೆ ಎಂಬುದು ನಮಗೇ ಗೊತ್ತಿರುವ ಲೆಕ್ಕ.

ಮೊದಲ ದಿನವೇ ಕೋಟಿಯ ಟೆಂಡರಿಗೆ ಹಾರಬೇಡಿ. ಟೆಂಡರಿಲ್ಲದೆ ಕೊಟೇಶನ್ ಮೇಲೆ ಕೊಡುವ ಸಣ್ಣ ಸಣ್ಣ ಕೆಲಸಗಳಿರುತ್ತವೆ. ಐವತ್ತು ರಸೀದಿ ಪುಸ್ತಕವಾದರೂ ಸರಿ, ಮಾಡಿಕೊಟ್ಟು ಅದರ ವರ್ಕ್ ಆರ್ಡರು, ಕೆಲಸ ಮುಗಿದ ಪತ್ರ ಎರಡನ್ನೂ ನಿಮ್ಮ ಹೆಸರಿನಲ್ಲಿ ಕೇಳಿ ಪಡೆಯಿರಿ. ನನ್ನ ಬಳಿ ಇಲ್ಲದೇ ಹೋದದ್ದು ಆ ಕಾಗದವೇ.

ಶಿವಕಾಶಿಯವರು ನಮ್ಮ ಕ್ಯಾಲೆಂಡರ್ ಕೆಲಸ ಹೊಡೆದುಕೊಂಡರು ಎಂದು ಬೈಯುವವರು ನಮ್ಮ ಕಸುಬಿನಲ್ಲಿ ಬಹಳ. ನಾನು ಬೈಯುವುದಿಲ್ಲ. ಅಲ್ಲಿ ಒಂದೇ ಊರಿನಲ್ಲಿ ಅಚ್ಚು, ಕಟಿಂಗು, ಬೈಂಡಿಂಗು ಎಲ್ಲ ಒಬ್ಬರಿಗೊಬ್ಬರು ಒದಗುತ್ತಾರೆ. ನಮ್ಮಲ್ಲಿ ಪಕ್ಕದ ಪ್ರೆಸ್ಸಿನವನಿಗೆ ಕೆಲಸ ಸಿಕ್ಕರೆ ಹೊಟ್ಟೆಯುರಿ!

ಕಡೆಯದು ದುಡ್ಡಿನ ಮಾತು. ಸರ್ಕಾರ ಹಣ ಕೊಡಲು ಸತಾಯಿಸುತ್ತದೆ ಎಂದೇ ಎಷ್ಟೋ ಜನ ಟೆಂಡರ್ ಕಡೆ ತಲೆ ಹಾಕುವುದಿಲ್ಲ. ಆ ಭಯ ಸುಳ್ಳಲ್ಲ. ಆದರೆ 2006ರ ಎಂ.ಎಸ್.ಎಂ.ಇ. ಕಾಯಿದೆ ಪ್ರಕಾರ ಸಣ್ಣ ಉದ್ದಿಮೆಯ ಹಣವನ್ನು ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ದೂರು ಕೊಡಲು 2017ರಲ್ಲಿ ಸಮಾಧಾನ್ ಎಂಬ ಜಾಲತಾಣ ಬಂತು, ತೀರ್ಮಾನಕ್ಕೆ ರಾಜ್ಯದಲ್ಲಿ ಫೆಸಿಲಿಟೇಶನ್ ಕೌನ್ಸಿಲ್ ಇದೆ. ಜಾಬ್‌ವರ್ಕ್ ಮಾಡಿಸಿಕೊಂಡು ಕೈಯೆತ್ತುವ ದೊಡ್ಡ ಕುಳಕ್ಕೂ ಇದೇ ಕಾಯಿದೆ. ಮಾಲು ಕೊಡುವ ಮೊದಲೇ ನೋಂದಣಿ ಆಗಿರಲಿ, ಆಮೇಲೆ ಮಾಡಿಸಿದರೆ ತಕರಾರು ಬರುತ್ತದೆ. ಚಲನ್ ಮೇಲೆ ತಾರೀಕು ಸಮೇತ ಸಹಿ ಹಾಕಿಸಿಕೊಳ್ಳಿ. ನೇರ ದೂರಿಗೆ ಹೋಗುವ ಮುಂಚೆ ಒಂದು ವಿನಯದ ಪತ್ರ ಬರೆಯಿರಿ, ಬಡ್ಡಿಯ ಲೆಕ್ಕವನ್ನು ಕೆಳಗೆ ಹಾಕಿ. ಎಷ್ಟೋ ಬಿಲ್ಲು ಅಷ್ಟಕ್ಕೇ ಹೊರಡುತ್ತದೆ.

ಅಂಥ ಪತ್ರದ ಒಂದು ಮಾದರಿ, ಪ್ರಿ-ಬಿಡ್ ಪ್ರಶ್ನೆಯ ಒಂದು ಮಾದರಿ, ಎರಡನ್ನೂ ಕನ್ನಡದಲ್ಲೇ ಇನ್ನೂರು ಪ್ರತಿ ಅಚ್ಚು ಹಾಕಿ ತಂದಿದ್ದೇನೆ. ಬಾಗಿಲ ಹತ್ತಿರದ ಮೇಜಿನ ಮೇಲಿದೆ, ಹೋಗುವಾಗ ತೆಗೆದುಕೊಳ್ಳಿ.