ಹೂಳಿನ ಲೆಕ್ಕ

ಹಗರಿಬೊಮ್ಮನಹಳ್ಳಿಯ ಹೆಸರಿನಲ್ಲಿಯೇ ಒಂದು ಹೊಳೆಯಿದೆ. ಬಳ್ಳಾರಿಯ ಕಡೆಯವರಿಗೆ ಹಗರಿಯೆಂದರೆ ವೇದಾವತಿ. ಈ ಸೀಮೆಯದು ಅದಲ್ಲ, ಚಿಕ್ಕ ಹಗರಿ. ಮಳೆಗಾಲದಲ್ಲಿ ಹರಿದು ಬೇಸಗೆಯಲ್ಲಿ ಮರಳಾಗಿ ಮಲಗುವ ಹೊಳೆ. ಅದರ ನೀರನ್ನು ಮಾಲವಿಯಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಅದೇ ತಾಲ್ಲೂಕಿನ ಇನ್ನೊಂದು ಅಂಚಿನಲ್ಲಿ ತುಂಗಭದ್ರಾ ಜಲಾಶಯದ ಹಿನ್ನೀರು ಕಡಲಿನಂತೆ ಹರಡಿದೆ. ಒಂದು ಕಡೆ, ಬಯಲುಸೀಮೆಯ ಹೊಳೆಗೆ ಕಟ್ಟಿದ ಜಲಾಶಯ. ಇನ್ನೊಂದು ಕಡೆ, ಮಲೆನಾಡಿನ ಮಳೆಯನ್ನು ಹೊತ್ತು ತರುವ ನದಿ. ನೀರಿನ ಸಂಪತ್ತನ್ನು ಅಳೆಯುವುದೆಂದರೆ ಏನೆಂದು ತಿಳಿಯಲು ಇದು ತಕ್ಕ ಸ್ಥಳ.

ಅಳೆಯುವುದು ಸುಲಭವೆಂದೇ ನಮಗೆ ತೋರುತ್ತದೆ. ನೀರು ಎಷ್ಟು ಅಡಿಗೆ ಏರಿದೆಯೆಂದು ನೋಡಿ, ಇಷ್ಟು ಟಿ.ಎಂ.ಸಿ. ಇದೆಯೆಂದು ಹೇಳುತ್ತಾರೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಆದರೆ ಅಡಿಯ ಗುರುತು ತಿಳಿಸುವುದು ನೀರಿನ ಮೇಲ್ಮೈಯನ್ನು, ತಳವನ್ನಲ್ಲ. ಪಾತ್ರೆಯ ತಳವೇ ಮೇಲೇರುತ್ತ ಬಂದರೆ ಗುರುತು ಅದೇ ಇರುತ್ತದೆ, ನೀರು ಮಾತ್ರ ಕಡಿಮೆಯಾಗುತ್ತದೆ. ತುಂಗಭದ್ರೆಯ ತುಂಬು ಮಟ್ಟ ಅಂದೂ 1,633 ಅಡಿ, ಇಂದೂ 1,633 ಅಡಿ. ಆದರೆ 1953ರಲ್ಲಿ ಆ ಮಟ್ಟಕ್ಕೆ 132.47 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು, 2016ರ ಅಳತೆಯಂತೆ ಹಿಡಿಯುವುದು 105.788. ಉಳಿದ ಜಾಗವನ್ನೆಲ್ಲ ಹೂಳು ಆಕ್ರಮಿಸಿದೆ.

ಈ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ಕಳೆದುಹೋದದ್ದು ಹೆಚ್ಚುಕಡಿಮೆ ಇಪ್ಪತ್ತಾರೂವರೆ ಟಿ.ಎಂ.ಸಿ., ಅಂದರೆ ಐದರಲ್ಲೊಂದು ಪಾಲು. ಜಲಾಶಯದ ಹರಹು 378 ಚದರ ಕಿಲೋಮೀಟರು. ಈ ಹೂಳನ್ನು ಅದರ ತಳಕ್ಕೆಲ್ಲ ಸಮನಾಗಿ ಹರಡಿದರೆ ಸುಮಾರು ಎರಡು ಮೀಟರು ದಪ್ಪವಾಗುತ್ತದೆ, ಆಳೆತ್ತರಕ್ಕೂ ಮಿಗಿಲು. ಇನ್ನು ಇದೇ ಮಣ್ಣನ್ನು ಅದು ಬಂದ ದಾರಿಯಲ್ಲೇ ಹಿಂದಕ್ಕೊಯ್ದು, 28,180 ಚದರ ಕಿಲೋಮೀಟರು ವಿಸ್ತಾರದ ಜಲಾನಯನ ಪ್ರದೇಶದ ಮೇಲೆ ಹರಡಿದೆವೆನ್ನಿ. ಆಗ ಅದರ ದಪ್ಪ ಸುಮಾರು ಒಂದು ಅಂಗುಲ! ಅರುವತ್ತಮೂರು ವರ್ಷಗಳಲ್ಲಿ ಒಂದು ಅಂಗುಲ ಮಣ್ಣು ಹೋದರೆ ಯಾವ ರೈತನ ಕಣ್ಣಿಗೆ ಕಂಡೀತು? ಹೊಲದಲ್ಲಿ ಅದು ಕಾಣುವುದಿಲ್ಲ, ಏಕೆಂದರೆ ಅಷ್ಟು ತೆಳುವು. ಜಲಾಶಯದಲ್ಲಿಯೂ ಕಾಣುವುದಿಲ್ಲ, ಏಕೆಂದರೆ ಅದು ನೀರಿನಡಿಯಲ್ಲಿದೆ. ಎರಡು ಕಡೆಯೂ ಕಾಣದ ಈ ನಷ್ಟವನ್ನು ಲೆಕ್ಕವೊಂದೇ ತೋರಿಸಬಲ್ಲದು.

ಲೆಕ್ಕವಾದರೂ ಒಂದೇ ರೀತಿಯಲ್ಲಿ ಬರುವುದಿಲ್ಲ. 2008ರಲ್ಲಿ ನೀರಿನ ಆಳವನ್ನಳೆದಾಗ ಬಂದ ಸಾಮರ್ಥ್ಯ 100.855 ಟಿ.ಎಂ.ಸಿ. ಎಂಟು ವರ್ಷಗಳ ತರುವಾಯದ ಅಳತೆ ಅದಕ್ಕಿಂತ ಸುಮಾರು ಐದು ಟಿ.ಎಂ.ಸಿ. ಹೆಚ್ಚನ್ನು ತೋರಿಸಿತು. ಇಷ್ಟರಲ್ಲಿ ಹೂಳು ಕರಗಿಹೋಯಿತೆಂದಲ್ಲ. ಅಳೆಯುವ ಬಗೆ ಬೇರೆಯಾಗಿತ್ತು. ಶಬ್ದದ ಅಲೆಯನ್ನು ದೋಣಿಯಿಂದ ತಳಕ್ಕೆ ಕಳುಹಿಸಿ ಅದು ಮರಳುವ ಹೊತ್ತಿನಿಂದ ಆಳವನ್ನು ಕಂಡುಕೊಳ್ಳುವುದು ಒಂದು ಬಗೆ. ನೀರು ತಗ್ಗಿ ತೆರೆದ ನೆಲವನ್ನು ಏರುತಗ್ಗುಗಳೊಡನೆ ಗುರುತಿಸುವುದು ಇನ್ನೊಂದು. ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳು ಹಂಚಿಕೊಳ್ಳಬೇಕಾದ ನೀರಿನಲ್ಲಿ ಐದು ಟಿ.ಎಂ.ಸಿ. ಸಣ್ಣ ಮಾತಲ್ಲ. ಹೂಳಿನಿಂದಾದ ಕೊರತೆಯನ್ನು ತುಂಬಲೆಂದು ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಸಮತೋಲನ ಜಲಾಶಯವೊಂದನ್ನು ಕಟ್ಟುವ ಪ್ರಸ್ತಾಪ ಬಂದದ್ದೂ ಇಂಥ ಅಂಕಿಗಳ ಬಲದಿಂದಲೇ. ಅಂಕಿಯ ಹಿಂದೆ ಜನರ ಹೊಲಮನೆಗಳಿವೆ.

ಈಗ ನೆಲವನ್ನು ಆಕಾಶದಿಂದಲೂ ನೋಡುತ್ತಾರೆ. ಅಮೆರಿಕದ ಲ್ಯಾಂಡ್‌ಸ್ಯಾಟ್ 1972ರಲ್ಲಿ ಈ ಕೆಲಸ ಆರಂಭಿಸಿತು, ನಮ್ಮದೇ ಐ.ಆರ್.ಎಸ್.-1ಎ ಉಪಗ್ರಹ 1988ರ ಮಾರ್ಚಿಯಲ್ಲಿ ಮೇಲೇರಿತು. ಕಣ್ಣಿಗೆ ಕಾಣದ ಕೆಂಪಾಚೆಯ ಬೆಳಕನ್ನು ನೀರು ಹೀರಿಕೊಳ್ಳುತ್ತದೆ, ಹಸಿರೆಲೆ ಹಿಂದಕ್ಕೆ ಚಿಮ್ಮಿಸುತ್ತದೆ. ಆದ್ದರಿಂದ ಚಿತ್ರದಲ್ಲಿ ಕೆರೆ ಕಪ್ಪಾಗಿಯೂ ಪೈರು ಕೆಂಪಾಗಿಯೂ ಮೂಡುತ್ತವೆ. ಇಂದಿನ ಚಿತ್ರವನ್ನು ಹತ್ತು ವರ್ಷದ ಹಿಂದಿನದರ ಪಕ್ಕದಲ್ಲಿಟ್ಟರೆ ಯಾವ ಕೆರೆ ಕುಗ್ಗಿತು, ಯಾವ ಬೀಳು ತೋಟವಾಯಿತು ಎಂಬುದು ತಿಳಿಯುತ್ತದೆ.

ಆದರೆ ಆಕಾಶದ ಕಣ್ಣಿಗೂ ನೆಲದ ಸಾಕ್ಷಿ ಬೇಕು. ಇದೇ ತಾಲ್ಲೂಕಿನ ಅಂಕಸಮುದ್ರದ ಕೆರೆಯನ್ನು ನೋಡಿ. ಶತಮಾನಗಳಷ್ಟು ಹಳೆಯ ಈ ಕೆರೆಯಲ್ಲಿ ಕರಿಜಾಲಿಯ ಮರಗಳು ನೀರಿನ ನಡುವೆ ನಿಂತಿವೆ. ಬಣ್ಣದ ಕೊಕ್ಕರೆಗಳೂ ಕರಿತಲೆಯ ಕೆಂಬರಲುಗಳೂ ಅಲ್ಲಿ ನೆಲೆಮಾಡಿವೆ. 98.76 ಹೆಕ್ಟೇರಿನ ಈ ಪಕ್ಷಿಧಾಮ 2024ರ ಆರಂಭದಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತೆಂಬ ಸುದ್ದಿ ಬಂತು. ಇನ್ನು ಬತ್ತಿದ ಬೇರೊಂದು ಕೆರೆಯಂಗಳವನ್ನು ಊಹಿಸಿ. ಅಲ್ಲಿ ಹಬ್ಬಿರುವುದೂ ಜಾಲಿಯೇ, ಆದರೆ ಹೊರನಾಡಿನಿಂದ ಬಂದು ನಮ್ಮ ಹಿಂದಿನ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ. ಮೇಲಿನಿಂದ ಎರಡೂ ಹಸಿರು. ಒಂದು ಕೆರೆ ಬದುಕಿದೆಯೆಂಬುದರ ಗುರುತು, ಇನ್ನೊಂದು ಕೆರೆ ಸತ್ತಿದೆಯೆಂಬುದರ ಗುರುತು. ಯಾವುದು ಯಾವುದೆಂದು ಹೇಳಬಲ್ಲವನು ಆ ಏರಿಯ ಮೇಲೆ ನಡೆದವನೇ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ ಹತ್ತೊಂಬತ್ತನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ನಾಡೆಲ್ಲ ಬೆಚ್ಚಿತು; ಒಂದು ವಾರದೊಳಗೆ ತಾತ್ಕಾಲಿಕ ತಡೆಯನ್ನು ಇಳಿಸಿ ನೀರನ್ನು ನಿಲ್ಲಿಸಿದರು. ಸದ್ದು ಮಾಡುವ ನಷ್ಟಕ್ಕೆ ನಾವು ಓಡಿ ಬರುತ್ತೇವೆ. ಸದ್ದಿಲ್ಲದೆ ವರ್ಷಕ್ಕೆ ಸರಾಸರಿ ನಲವತ್ತು ಕೋಟಿ ಘನ ಅಡಿಗೂ ಹೆಚ್ಚಾಗಿ ತುಂಬುವ ಹೂಳಿಗೆ ಯಾವ ಗೇಟೂ ಇಲ್ಲ.

ಹಿಂದಿನವರು ಬೇಸಗೆಯಲ್ಲಿ ಕೆರೆಯ ಗೋಡನ್ನು ಬಂಡಿಯಲ್ಲಿ ಹೇರಿ ಹೊಲಕ್ಕೆ ಹಾಕುತ್ತಿದ್ದರು. ಕೆರೆಗೆ ಅದು ಹೂಳು, ಹೊಲಕ್ಕೆ ಅದೇ ಗೊಬ್ಬರ. ಸಣ್ಣ ಕೆರೆಗಳಿಗೆ ಈ ದಾರಿ ಇಂದೂ ತೆರೆದಿದೆ. 378 ಚದರ ಕಿಲೋಮೀಟರಿನ ಜಲಾಶಯಕ್ಕೆ ಬಂಡಿ ಸಾಲದು. ಅಲ್ಲಿಗೆ ಮಣ್ಣು ಬಾರದಂತೆ ಮೇಲಿನ ಇಳಿಜಾರುಗಳಲ್ಲಿಯೇ ಬದು ಹಾಕಿ, ಗಿಡ ಬೆಳೆಸಿ ತಡೆಯಬೇಕು. ನೀರನ್ನು ನೀರಿನಲ್ಲಿ ಮಾತ್ರ ಹುಡುಕಿದರೆ ಅರ್ಧ ಲೆಕ್ಕ ಸಿಕ್ಕೀತು. ಉಳಿದರ್ಧ ಹೊಲದಲ್ಲಿದೆ, ಹತ್ತಾರು ಹರದಾರಿ ಮೇಲಿರುವ ಯಾರದೋ ಹೊಲದ ಬದುವಿನಲ್ಲಿದೆ.