ಖಡ್ಗವು ಯಾವ ಕೈಗೆ, ಪಿಸ್ತೂಲು ಯಾವ ಕೈಗೆ?

(ಶಾಳೆಯ ವಾರ್ಷಿಕ ಸಮ್ಮೇಲನದ ಅಂಗವಾಗಿ ಶಿಕ್ಷಕರ ಹಾಗೂ ಪುರಜನರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮನ್ನು ಈ ವೇದಿಕೆಯ ಮೇಲೆ ತಂದು ನಿಲ್ಲಿಸಿದ ಹೊಣೆಯು ಇದೇ ಶಾಳೆಯ ಇಬ್ಬರು ಶಿಕ್ಷಕರದು. ಕಳೆದ ಶನಿವಾರ ರಾತ್ರಿ ವಿದ್ಯಾರ್ಥಿಗಳು ಇಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯ ನಾಟಕವನ್ನು ಆಡಿದರಷ್ಟೆ. ಮೂರನೆಯ ಅಂಕದಲ್ಲಿ ಕೋಟೆಯ ಸರದಾರನ ವೇಷದ ಹುಡುಗನು ಎಡಗೈಯಲ್ಲಿ ಖಡ್ಗವನ್ನೂ ಬಲಗೈಯಲ್ಲಿ ಪಿಸ್ತೂಲನ್ನೂ ಹಿಡಿದು ರಂಗಕ್ಕೆ ಬಂದನು. ಪರದೆ ಬೀಳುವ ಮೊದಲೇ ಮುಂದಿನ ಸಾಲಿನಲ್ಲಿ ವ್ಯಾಜ್ಯವೆದ್ದಿತು. ಖಡ್ಗವೆಂದರೆ ಬಲಗೈಯ ಸೊತ್ತು, ಹುಡುಗನು ಗಾಬರಿಯಲ್ಲಿ ಕೈ ಅದಲುಬದಲು ಮಾಡಿದ್ದಾನೆ ಎಂದು ಕವಾಯತಿನ ಮಾಸ್ತರರು. ಗುರಿಯಿಡುವ ಆಯುಧವು ಬಲಗೈಯಲ್ಲಿಯೇ ಇರತಕ್ಕದ್ದು, ಹುಡುಗನು ಮಾಡಿದ್ದೇ ಸರಿ ಎಂದು ಇತಿಹಾಸದ ಮಾಸ್ತರರು. ಮರುದಿನ ಮುಂಜಾನೆ ಇಬ್ಬರೂ ನಮ್ಮ ಮನೆಗೆ ಬಂದರು. ಫೀ ಇಲ್ಲದ ಮೊಕದ್ದಮೆಗಳನ್ನು ನಡೆಯಿಸುವದು ನಮಗೆ ಹೊಸದಲ್ಲ; ಆದುದರಿಂದ ಒಪ್ಪಿಕೊಂಡೆವು.

ಮೊದಲೇ ಒಂದು ಮಾತನ್ನು ಅರಿಕೆಮಾಡಿಕೊಳ್ಳುವೆವು. ನಾವು ಸ್ವಯಂಸೇವಕರ ದಳದಲ್ಲಿ ಲಾಠಿ ಹಿಡಿದು ಕವಾಯತು ಮಾಡಿದ್ದುಂಟು, ಖಡ್ಗವನ್ನು ಬೀಸಿದವರಲ್ಲ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಈ ವ್ಯಾಜ್ಯವೇ ಹುಟ್ಟುತ್ತಿರಲಿಲ್ಲ; ಹೊಲಕ್ಕೆ ಹೋಗುವವನಿಗೂ ಕತ್ತಿಯು ಯಾವ ಸೊಂಟಕ್ಕೆ ತೂಗಬೇಕೆಂಬದು ತಿಳಿದಿತ್ತು. 1857 ರಲ್ಲಿ ನಿಃಶಸ್ತ್ರೀಕರಣದ ಕಾಯಿದೆ ಬಂದಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲಾರೆವೆಂದು ಎದ್ದು ನಿಂತರು. ಊರು ಸುಟ್ಟಿತು, ಹಲವರು ಗಲ್ಲಿಗೇರಿದರು. 1878 ರ ಶಸ್ತ್ರ ಕಾಯಿದೆಯು ಉಳಿದ ಕೆಲಸವನ್ನು ಪೂರೈಸಿತು. ಕೊಡಗಿನವರಿಗೆ ವಿನಾಯಿತಿಯಿದ್ದಿತು, ಆದುದರಿಂದ ಅಲ್ಲಿ ಕೈಲ್ ಪೊಳ್ದಿನ ದಿನ ಕೋವಿ, ಒಡಿಕತ್ತಿಗಳಿಗೆ ಪೂಜೆಯಾಗುವದು ಇಂದಿಗೂ ಉಳಿದಿದೆ. ನಮ್ಮ ಕಡೆಗಾದರೋ ಆಯುಧಪೂಜೆಯ ದಿನ ತಕ್ಕಡಿಗೂ ಲೆಕ್ಕಣಿಕೆಗೂ ಕುಂಕುಮ ಹಚ್ಚುತ್ತೇವೆ. ಹೀಗಿರುವಾಗ ಕೈಯಿಂದ ಕೈಗೆ ಬರಬೇಕಾಗಿದ್ದ ತಿಳಿವಳಿಕೆಯನ್ನು ನಾವು ಪುಸ್ತಕಗಳಿಂದ ಹೆಕ್ಕಿ ತರಬೇಕಾಯಿತು.

ಇನ್ನು ಮೊಕದ್ದಮೆ. ಖಡ್ಗವು ಕ್ಷಣದ ಆಯುಧವಲ್ಲ. ಎದುರಿನ ಪೆಟ್ಟನ್ನು ತಡೆಯಬೇಕು, ಸಂದನ್ನು ಕಂಡು ಹಾಯಬೇಕು, ತಪ್ಪಿದರೆ ಹಿಂದೆಗೆದು ಮತ್ತೆ ತಡೆಯಬೇಕು. ಮೊದಲ ಪೆಟ್ಟಿನಿಂದ ಕೊನೆಯ ಪೆಟ್ಟಿನ ವರೆಗೆ ಮಣಿಕಟ್ಟು, ಮೊಣಕೈ, ಹೆಗಲು ಮೂರೂ ಒಂದೇ ಸಮನೆ ದುಡಿಯಬೇಕು. ಇದು ವರ್ಷಗಟ್ಟಲೆ ಪಳಗಿದ ಕೈಗಲ್ಲದೆ ಸಾಧ್ಯವಿಲ್ಲ. ಹಳೆಯ ಪಿಸ್ತೂಲಾದರೋ, ಕಟಕಟೆಗೆ ಬಂದು ಒಂದೇ ಮಾತನ್ನಾಡಿ ಮೂಕನಾಗುವ ಸಾಕ್ಷಿಯಂತೆ. ಒಂದು ಗುಂಡು ಹಾರಿತೆಂದರೆ ಮುಗಿಯಿತು. ಮತ್ತೆ ಮದ್ದು ಸುರಿದು, ಗುಂಡು ಜಡಿದು, ಕಿವಿಗೆ ರಂಜಕ ಹಾಕುವದಕ್ಕೆ ಎರಡೂ ಕೈಗಳು ಬಿಡುವಾಗಬೇಕು. ಕಾಳಗದ ನಡುವೆ ಆ ಬಿಡುವನ್ನು ಯಾವ ಶತ್ರುವೂ ಕೊಡುವದಿಲ್ಲ. ಗುರಿಯ ಮಾತೆಂದರೆ, ಅದೂ ಹೆಸರಿಗೆ ಮಾತ್ರ. ಕುದುರೆಯ ಮೇಲಿಂದ ಹತ್ತು ಹೆಜ್ಜೆಯಾಚೆಗಿನ ಮನುಷ್ಯನಿಗೆ ಹೊಡೆದರೆ ತಗಲುವದೆಂಬ ಭರವಸೆಯಿಲ್ಲದ್ದರಿಂದ, ಪಿಸ್ತೂಲಿನ ಬಾಯಿ ಶತ್ರುವಿನ ಕವಚಕ್ಕೆ ಮುಟ್ಟುವಷ್ಟು ಸಮೀಪಿಸಿದ ಮೇಲೆಯೇ ಹಾರಿಸಬೇಕೆಂದು ಹದಿನಾರು ಹದಿನೇಳನೆಯ ಶತಮಾನಗಳ ದಳಪತಿಗಳು ಹೇಳುತ್ತಿದ್ದರು. ಮುಟ್ಟಿಸಿ ಹೊಡೆಯುವದಕ್ಕೆ ಎಡಗೈ ಸಾಲದೆ? ಆದ್ದರಿಂದ ನೆಲದ ಮೇಲೆ ನಿಂತು ಕಾದುವವನ ಮಟ್ಟಿಗೆ ಕವಾಯತಿನ ಮಾಸ್ತರರ ವಾದವು ಬಲವಾಗಿದೆ. ನಮ್ಮ ನುಡಿಯಲ್ಲಿಯೂ ‘ಬಲ’ವೆಂದರೆ ದಿಕ್ಕೂ ಹೌದು, ಶಕ್ತಿಯೂ ಹೌದು, ಅದನ್ನು ಅವರು ಮರೆಯದೆ ಎತ್ತಿ ತೋರಿಸಿದರು.

ಆದರೆ ಯುರೋಪ ಖಂಡದಲ್ಲಿ ಪಿಸ್ತೂಲನ್ನು ಮೊದಲು ಹೆಚ್ಚಾಗಿ ನೆಚ್ಚಿದವನು ರಾವುತನು. ಅವನಿಗೆ ಕೈಗಳೆರಡು, ಕೆಲಸಗಳು ಮೂರು. ಲಗಾಮು ಎಡಗೈಯನ್ನು ನುಂಗಿತು. ಉಳಿದ ಒಂದು ಬಲಗೈಗೆ ಖಡ್ಗ, ಪಿಸ್ತೂಲುಗಳೆರಡೂ ಸವತಿಯರಾದವು. ಜೀನಿನ ಮುಂಭಾಗದ ಎರಡು ಚರ್ಮದ ಚೀಲಗಳಲ್ಲಿ ಜೋಡಿ ಪಿಸ್ತೂಲುಗಳಿರುತ್ತಿದ್ದವು. ಜರ್ಮನಿಯ ಪಿಸ್ತೂಲಿನ ರಾವುತರು ಸಾಲುಸಾಲಾಗಿ ಮುಂದೆ ಬಂದು, ಹಾರಿಸಿ, ಹಿಂತಿರುಗಿ ಮದ್ದು ತುಂಬಿಕೊಳ್ಳುತ್ತಿದ್ದರು. ನೋಡಲಿಕ್ಕೆ ಚೆಂದವಾದರೂ ಇದರಿಂದ ಶತ್ರುವಿನ ಸಾಲು ಒಡೆಯುತ್ತಿದ್ದುದು ಕಡಿಮೆ. ಸ್ವೀಡನ್ನಿನ ದೊರೆ ಗುಸ್ತಾವಸ್ ಅಡಾಲ್ಫಸನು ಸಮೀಪದಲ್ಲಿ ಒಮ್ಮೆ ಹಾರಿಸಿ ಕೂಡಲೇ ಖಡ್ಗ ಹಿಡಿದು ನುಗ್ಗುವಂತೆ ತನ್ನ ರಾವುತರನ್ನು ತಿದ್ದಿದನು. ನೂರು ವರ್ಷಗಳ ತರುವಾಯ ಪ್ರಶಿಯದ ಎರಡನೆಯ ಫ್ರೆಡರಿಕನು ನುಗ್ಗುವಾಗ ಗುಂಡು ಹಾರಿಸುವದನ್ನೇ ನಿಷೇಧಿಸಿದನು.

ಸವತಿಯರ ಜಗಳಕ್ಕೆ ಒಂದು ಚರ್ಮದ ತುಂಡು ರಾಜಿ ಮಾಡಿಸಿತು. ಖಡ್ಗದ ಹಿಡಿಕೆಗೆ ಒಂದು ಕುಣಿಕೆಯನ್ನು ಕಟ್ಟಿ ಅದನ್ನು ಮಣಿಕಟ್ಟಿಗೆ ತೊಡಿಸುತ್ತಿದ್ದರು. ಪಿಸ್ತೂಲು ಬೇಕಾದಾಗ ಖಡ್ಗವನ್ನು ಬಿಟ್ಟರೆ ಅದು ಮಣಿಕಟ್ಟಿನಲ್ಲಿಯೇ ತೂಗುವದು. ಪಿಸ್ತೂಲು ಬರಿದಾದೊಡನೆ ಕೈ ಕೊಡವಿದರೆ ಹಿಡಿಕೆಯು ಅಂಗೈಗೆ ಬರುವದು. ಚಿತ್ರಗಳಲ್ಲಿ ಆ ಕುಣಿಕೆಯ ಗೊಂಡೆಯನ್ನು ಕಂಡು ಅಲಂಕಾರವೆಂದು ನಾವು ಬಹುದಿನ ತಿಳಿದಿದ್ದೆವು.

ಒರೆಯ ಮಾತನ್ನೂ ಮರೆಯಬಾರದು. ಬಲಗೈಯವನು ಖಡ್ಗವನ್ನು ಎಡ ಸೊಂಟಕ್ಕೆ ತೂಗುಹಾಕುವನು. ಅಡ್ಡವಾಗಿ ಸೆಳೆಯುವಾಗ ಎಡಗೈಯು ಒರೆಯ ಬಾಯನ್ನು ಹಿಡಿದಿರಬೇಕು, ಇಲ್ಲವಾದರೆ ಒರೆಯೂ ಜೊತೆಗೆ ಬರುವದು. ಅಂದ ಮೇಲೆ ಎಡಗೈಯಲ್ಲಿ ಮೊದಲೇ ಪಿಸ್ತೂಲು ಹಿಡಿದವನು ಖಡ್ಗವನ್ನು ಸೆಳೆಯುವದು ತೊಡಕು. ಮೊದಲು ಖಡ್ಗ, ಆಮೇಲೆ ಪಿಸ್ತೂಲು; ಈ ಕ್ರಮವನ್ನು ನಾಟಕದ ದಿಗ್ದರ್ಶಕರು ಬರೆದುಕೊಳ್ಳಬೇಕು.

ಈಗ ನಾಟಕದ ಊರಿಗೇ ಬರುವಾ. ಆ ಕಾಲದ ಚಕಮಕಿ ಕಲ್ಲಿನ ಪಿಸ್ತೂಲಿನ ಕೀಲು ಸಾಮಾನ್ಯವಾಗಿ ಬಲಮಗ್ಗುಲಿಗೆ ಇರುತ್ತಿದ್ದಿತು. ಬಲಗೈಯಲ್ಲಿ ಹಿಡಿದರೆ ರಂಜಕದ ಬೆಂಕಿಯು ಹೊರಗಡೆಗೆ ಚಿಮ್ಮುವದು. ಎಡಗೈಯಲ್ಲಿ ಹಿಡಿದರೆ ಅದೇ ಬೆಂಕಿಯು ಒಳಮಗ್ಗುಲಿಗೆ, ನಮ್ಮದೇ ಖಡ್ಗದ ಕೈಯ ಕಡೆಗೆ ಚಿಮ್ಮುವದು. ಶ್ರೀರಂಗಪಟ್ಟಣದ ಕುಶಲಿಗಳು ಟಿಪ್ಪೂ ಸುಲ್ತಾನನಿಗಾಗಿ ಮಾಡಿದ ಜೋಡಿ ಪಿಸ್ತೂಲುಗಳು ಉಳಿದು ಬಂದಿವೆ. ಅವುಗಳಲ್ಲಿ ಒಂದರ ಕೀಲು ಬಲಕ್ಕೆ, ಇನ್ನೊಂದರದು ಎಡಕ್ಕೆ. ಕನ್ನಡಿಯಲ್ಲಿ ಕಂಡ ಪ್ರತಿಬಿಂಬದಂತೆ ಒಂದಕ್ಕೊಂದು ಎದುರು. ಇಂಥ ಜೋಡಿಗಳು ಸುಲ್ತಾನನಿಗೆ ಮೆಚ್ಚಿಕೆಯಾಗಿದ್ದವು. ಗೋಡೆಯ ಮೇಲೆ ಎದುರು ಬದರು ತೂಗಿಸಿದರೆ ಅವು ಚೆಲುವಾಗಿ ಕಾಣುವದೂ ನಿಜವೇ. ಆದರೆ ಎಡಗೈಗೂ ಒಂದು ಆಯುಧವನ್ನು ಅಳತೆ ಹಿಡಿದು ಮಾಡಬಲ್ಲ ಕಮ್ಮಾರರು ನಮ್ಮ ಕಾವೇರಿಯ ದಂಡೆಯ ಮೇಲೆ ಇದ್ದರೆಂಬದನ್ನು ಶಾಳೆಯ ಹುಡುಗರಿಗೆ ತಿಳಿಸತಕ್ಕದ್ದು.

ಅದೇ ಸುಲ್ತಾನನ ಕೊನೆಯ ದಿನ, 1799 ರ ಮೇ 4. ಕೋಟೆಯ ಬಿರುಕಿನಲ್ಲಿ ಶತ್ರುಗಳು ನುಗ್ಗಿದಾಗ ಸೇವಕರು ತುಂಬಿ ತುಂಬಿ ಕೊಟ್ಟ ಬಂದೂಕುಗಳನ್ನು ಅವನು ಹಾರಿಸುತ್ತ ನಿಂತನು. ಗುಂಡಿನ ಆಯುಧಕ್ಕೆ ಹೀಗೆ ಇನ್ನೊಬ್ಬರ ಕೈಗಳು ಬೇಕು. ಆ ಕೈಗಳು ಒಂದೊಂದಾಗಿ ಬಿದ್ದವು. ಗಾಯಗೊಂಡು, ಕುದುರೆಯನ್ನು ಕಳೆದುಕೊಂಡು, ಹೆಣಗಳ ನಡುವೆ ಒರಗಿದ್ದವನ ಸೊಂಟದ ಪಟ್ಟಿಗೆ ಒಬ್ಬ ಸಿಪಾಯಿಯು ಕೈಹಾಕಿದಾಗ ಅವನಲ್ಲಿ ಉಳಿದಿದ್ದುದು ಖಡ್ಗವೊಂದೇ. ಅದರಿಂದ ಹೊಡೆದನು, ಸಿಪಾಯಿಗೆ ಗಾಯವಾಯಿತು, ಸಿಪಾಯಿಯ ಗುಂಡು ಸುಲ್ತಾನನ ಕಣತಲೆಯನ್ನು ಹೊಕ್ಕಿತು. ಇಬ್ಬರು ಮಾಸ್ತರರ ವಾದಗಳೂ ಆ ಬಾಗಿಲಲ್ಲಿ ಎದುರುಬದರಾಗಿ ನಿಂತಿದ್ದವೆಂದು ಹೇಳಬಹುದು.

ಹಡಗುಗಳ ಮಾತನ್ನು ಬೇಗನೆ ಮುಗಿಸುವೆವು. ಅಲ್ಲಿ ಲಗಾಮಿಲ್ಲ, ಆದರೆ ಹಗ್ಗಗಳಿವೆ. ಶತ್ರುವಿನ ಹಡಗಿಗೆ ಹಾರುವವನಿಗೆ ಒಂದು ಕೈ ಹಿಡಿದುಕೊಳ್ಳಲಿಕ್ಕೇ ಬೇಕು. ಆದುದರಿಂದ ಪಿಸ್ತೂಲಿಗೆ ಕೊಕ್ಕೆಯನ್ನು ಬಡಿದು ಸೊಂಟಪಟ್ಟಿಗೆ ಸಿಕ್ಕಿಸುತ್ತಿದ್ದರು; ಬರಿದಾದ ಮೇಲೆ ತಿರುಗಿಸಿ ಹಿಡಿದರೆ ಅದರ ಹಿತ್ತಾಳೆಯ ಹಿಂಭಾಗವೇ ಗದೆಯಾಗುತ್ತಿದ್ದಿತು. ‘ಕರಿಗಡ್ಡದವ’ನೆಂದು ಹೆಸರಾದ ಕಡಲುಗಳ್ಳ ಟೀಚನು ಎದೆಯ ಮೇಲೆ ಹಲವು ಪಿಸ್ತೂಲುಗಳನ್ನು ಹಾರದಂತೆ ತೊಟ್ಟಿರುತ್ತಿದ್ದನು. 1718 ರ ನವೆಂಬರದಲ್ಲಿ ಅಮೇರಿಕೆಯ ದಂಡೆಯಲ್ಲಿ ಅವನು ಸತ್ತಾಗ ಮೈಮೇಲೆ ಎಣಿಸಿದ ಗುಂಡಿನ ಗಾಯಗಳು 5, ಕತ್ತಿಯ ಗಾಯಗಳು 20. ಸಮೀಪದ ಕಾಳಗದಲ್ಲಿ ಯಾವ ಆಯುಧವು ಎಷ್ಟು ಹೊತ್ತು ದುಡಿಯುವದೆಂಬದಕ್ಕೆ ಈ ಲೆಕ್ಕವೇ ಪುರಾವೆ.

ಇಲ್ಲಿಯ ವರೆಗೆ ಕವಾಯತಿನ ಮಾಸ್ತರರ ಗೆಲುವು. ಮುಂದೆ ಕಾಲವು ಮಗ್ಗುಲಾಯಿತು. 1851 ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಕೋಲ್ಟನ ಸುತ್ತುವ ಪಿಸ್ತೂಲೂ ಆಡಮ್ಸನದೂ ಎದುರುಬದರಾಗಿ ಕುಳಿತವು. ಕೋಲ್ಟನದಕ್ಕೆ ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಸುತ್ತಿಗೆಯನ್ನು ಎತ್ತಬೇಕು. ಆಡಮ್ಸನದಕ್ಕೆ ಬೆರಳಿನ ಸೆಳೆತವೊಂದೇ ಸಾಕು. ಹೇಗಿದ್ದರೂ ಮೂಕ ಸಾಕ್ಷಿಗೆ ಬಾಯಿ ಬಂದಿತು. ಒಂದರ ಬದಲು ಐದಾರು ಮಾತು. ಅಮೇರಿಕೆಯ ಅಂತರ್ಯುದ್ಧದಲ್ಲಿ ಮೋಸ್ಬಿಯ ರಾವುತರು ಖಡ್ಗವನ್ನು ನಿರುಪಯೋಗಿಯೆಂದು ಬದಿಗಿಟ್ಟು ಬಲಗೈಯನ್ನು ಪಿಸ್ತೂಲಿಗೆ ಒಪ್ಪಿಸಿದರು.

1858 ರಲ್ಲಿ ಉತ್ತರ ಹಿಂದುಸ್ಥಾನದ ಕಾಳಗದಲ್ಲಿ ಸ್ಯಾಮ್ ಬ್ರೌನನೆಂಬ ಆಂಗ್ಲ ಸರದಾರನ ಎಡತೋಳನ್ನು ನಮ್ಮವನೊಬ್ಬನ ಖಡ್ಗವು ಕತ್ತರಿಸಿತು. ಬಲಗೈ ಉಳಿದಿತ್ತು, ಖಡ್ಗ ಬೀಸಲಿಕ್ಕೆ ಅಡ್ಡಿಯಿರಲಿಲ್ಲ. ಆದರೆ ಒರೆಯನ್ನು ಹಿಡಿಯುವವರಾರು? ಆಗ ಅವನು ಹೆಗಲ ಮೇಲಿಂದ ಇಳಿಯುವ ಪಟ್ಟಿಯೊಂದನ್ನು ಯೋಜಿಸಿ, ಎಡಕ್ಕೆ ಒರೆಯನ್ನು ಅಲುಗದಂತೆ ಬಿಗಿದು ಬಲಕ್ಕೆ ಪಿಸ್ತೂಲಿನ ಚೀಲವನ್ನು ಕಟ್ಟಿಸಿಕೊಂಡನು. ಪೋಲೀಸ ಅಧಿಕಾರಿಗಳ ಎದೆಯ ಮೇಲೆ ಅಡ್ಡಲಾಗಿ ಹೊಳೆಯುವ ಚರ್ಮದ ಪಟ್ಟಿಯನ್ನು ತಾವೆಲ್ಲರೂ ಕಂಡಿದ್ದೀರಿ. ನಾವಂತೂ ಬೇಡವಾದಷ್ಟು ಸಮೀಪದಿಂದ ಕಂಡಿದ್ದೇವೆ. ಅದು ಒಬ್ಬನ ಇಲ್ಲದ ಎಡಗೈ.

ಇನ್ನೊಬ್ಬನ ಕಥೆಯು ನಮ್ಮ ಬೆಂಗಳೂರನ್ನೇ ಹಾದುಹೋಗುತ್ತದೆ. 1896 ರಲ್ಲಿ ಮುಂಬಯಿಯ ಸಸೂನ ಧಕ್ಕೆಯಲ್ಲಿ ದೋಣಿಯಿಂದ ಇಳಿಯುತ್ತಿದ್ದ ತರುಣ ಅಧಿಕಾರಿಯೊಬ್ಬನು ಗೋಡೆಯ ಕಬ್ಬಿಣದ ಬಳೆಯನ್ನು ಹಿಡಿದನು. ಅಲೆಗೆ ದೋಣಿ ಜಾರಿತು, ಅವನ ಬಲಹೆಗಲು ಕೀಲು ತಪ್ಪಿತು. ಅವನು ವಿನ್‌ಸ್ಟನ್ ಚರ್ಚಿಲ್. ಮುಂದೆ ಗಾಂಧೀಜಿಯವರನ್ನು ಅರೆಬೆತ್ತಲೆಯ ಫಕೀರನೆಂದು ಹಂಗಿಸಿದವನೇ. ಬೆಂಗಳೂರಿನ ದಂಡಿನಲ್ಲಿದ್ದಾಗ ತೋಳನ್ನು ಮೈಗೆ ಬಿಗಿದುಕೊಂಡು ಪೋಲೋ ಆಡುತ್ತಿದ್ದನು. (ಅಲ್ಲಿಯ ಕ್ಲಬ್ಬಿನ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 13 ರೂಪಾಯಿ ಬಾಕಿ ಬರೆದಿದೆ. ಸಾಲಕ್ಕೆ ಕಾಲಮಿತಿ ಮೂರೇ ವರ್ಷವಾದುದರಿಂದ ಆ ದಾವೆಯನ್ನು ನಾವು ಹಿಡಿಯಲಾರೆವು.) ಎತ್ತಿದರೆ ಎಂದು ಜಾರುವದೋ ತಿಳಿಯದ ಹೆಗಲನ್ನು ನಂಬಿ ಖಡ್ಗ ಬೀಸುವದು ಸಾವನ್ನು ಕರೆದಂತೆ. ಆದುದರಿಂದ ಕೈಗೈಯ ಕಾಳಗ ಬಂದರೆ ಪಿಸ್ತೂಲನ್ನೇ ಹಿಡಿಯುವದೆಂದು ಅವನು ಮೊದಲೇ ನಿಶ್ಚಯಿಸಿದ್ದನು. 1898 ರ ಸಪ್ಟಂಬರ 2 ರಂದು ಸುಡಾನಿನ ಓಮ್ಡುರ್ಮನ್ನಿನಲ್ಲಿ 21 ನೆಯ ಭರ್ಚಿ ರಾವುತರು ನುಗ್ಗಿದಾಗ, ಓಡುವ ಕುದುರೆಯ ಮೇಲೆಯೇ ಖಡ್ಗವನ್ನು ಒರೆಗೆ ಸೇರಿಸಿ ಹತ್ತು ಗುಂಡುಗಳ ಮೌಸರ್ ಪಿಸ್ತೂಲನ್ನು ತೆಗೆದನು. ಎಡಗೈಯಲ್ಲಿ ಲಗಾಮು, ಬಲಗೈಯಲ್ಲಿ ಅಲುಗು, ಕೆಳಗೆ ನೆಗೆಯುವ ಕುದುರೆ. ಖಡ್ಗವನ್ನು ಸೆಳೆಯುವದಕ್ಕಿಂತ ಹಾಗೆ ಸೇರಿಸುವದು ಕಷ್ಟ, ಅಭ್ಯಾಸವಿಲ್ಲದವನು ತನ್ನ ತೊಡೆಯನ್ನೇ ಸೀಳಿಕೊಂಡಾನು. ಮರೆಯಾಗಿದ್ದ ಒಣಹಳ್ಳದಲ್ಲಿ ಸಾವಿರಾರು ಜನರು ಎದ್ದು ನಿಂತರು. ಕೆಲವೇ ನಿಮಿಷಗಳಲ್ಲಿ ಸುಮಾರು 70 ಮಂದಿ ರಾವುತರೂ 119 ಕುದುರೆಗಳೂ ಸತ್ತರು ಇಲ್ಲವೆ ಗಾಯಗೊಂಡರು. ಇವನು ಪಿಸ್ತೂಲನ್ನು ಬರಿದು ಮಾಡಿ ಜೀವಂತನಾಗಿ ಹೊರಬಿದ್ದನು. ತಮ್ಮ ನಾಡಿಗಾಗಿ ಕಾದಿದ ಸುಡಾನಿಗಳ ಕಡೆಗೇ ನಮ್ಮ ಮನಸ್ಸಿದ್ದರೂ, ತನ್ನ ಕೈಯ ಕುಂದನ್ನು ತಾನೇ ಅಳೆದು ಆಯುಧವನ್ನು ಆರಿಸಿಕೊಂಡವನ ಬುದ್ಧಿಯನ್ನು ಒಪ್ಪಲೇಬೇಕು.

ಈ ಸಾಕ್ಷ್ಯಗಳಿಂದ ನಮಗೆ ಹೊಳೆದುದಿಷ್ಟು. ಶಾಸ್ತ್ರವು ಎಡಬಲಗಳದಲ್ಲ. ಕೊನೆಯ ವರೆಗೆ ದುಡಿಯಬೇಕಾದ ಆಯುಧವು ಪಳಗಿದ ಕೈಗೆ. ಕ್ಷಣ ಮಾತ್ರ ಬೇಕಾದುದು ಇನ್ನೊಂದು ಕೈಗೆ. ಒಂದೇ ಗುಂಡಿನ ಕಾಲದಲ್ಲಿ ಮೊದಲನೆಯದು ಖಡ್ಗ. ಹತ್ತು ಗುಂಡಿನ ಕಾಲದಲ್ಲಿ ಪಿಸ್ತೂಲು.

ಆದರೆ ಸಾಕ್ಷಿಯೊಬ್ಬನು ಉಳಿದಿದ್ದನು. ಇಬ್ಬರು ಮಾಸ್ತರರೂ ಕೇಳದೆ ಬಿಟ್ಟವನು, ವೇಷ ಹಾಕಿದ ಹುಡುಗನೇ. ನಿನ್ನೆ ಸಂಜೆ ಅವನನ್ನು ಕರೆಯಿಸಿ, ಹಾಗೇಕೆ ಹಿಡಿದೆಯಪ್ಪಾ ಎಂದು ಕೇಳಿದೆವು. ಅವನು ತಲೆ ತಗ್ಗಿಸಿ, “ನಾನು ಎಡಚನ್ರೀ ರಾಯರ. ಬರಿಯೂದಕ್ಕ ಮಾತ್ರ ಬಲಗೈ” ಎಂದನು. ಬರೆಯುವದಕ್ಕೆ ಮಾತ್ರ ಏಕೆಂಬದನ್ನು ನಾವು ಕೇಳಲಿಲ್ಲ. ಎಡಗೈಯ ಗೆಣ್ಣುಗಳ ಮೇಲೆ ರೂಳಿನ ಗುರುತಿತ್ತು. ಯಾವ ಊರಿನ ಯಾವ ಶಾಳೆಯದೆಂಬದು ಇಲ್ಲಿ ಬೇಡ. ಎರಡು ಕೈಗಳಿಂದಲೂ ಬಿಲ್ಲನ್ನು ಎಳೆಯುತ್ತಿದ್ದವನನ್ನು ಸವ್ಯಸಾಚಿಯೆಂದು ಪಾಠ ಹೇಳುವವರೂ ನಾವೇ.

ತೀರ್ಪು: ಹುಡುಗನ ಪಳಗಿದ ಕೈ ಎಡದ್ದು, ಕಾಲವು ಒಂದೇ ಗುಂಡಿನದು; ಆದುದರಿಂದ ಅವನು ಹಿಡಿದದ್ದೇ ಸರಿ. ಕವಾಯತಿನ ಮಾಸ್ತರರ ನ್ಯಾಯವು ಸರಿ, ಕೈ ತಪ್ಪು. ಇತಿಹಾಸದ ಮಾಸ್ತರರ ಕೈ ಸರಿ, ನ್ಯಾಯ ತಪ್ಪು. ಇಬ್ಬರೂ ತಂತಮ್ಮ ಖರ್ಚನ್ನು ತಾವೇ ಹೊರತಕ್ಕದ್ದು. ಬರುವ ಶನಿವಾರದ ಪ್ರಯೋಗದಲ್ಲಿ ಒರೆಯನ್ನು ಹುಡುಗನ ಬಲಸೊಂಟಕ್ಕೆ ತೂಗಿಸಬೇಕು. ಮೊದಲ ಪ್ರಯೋಗದಲ್ಲಿ ಅದು ಎಡಕ್ಕಿದ್ದುದರಿಂದಲೇ ಖಡ್ಗ ಸೆಳೆಯುವಾಗ ಅವನು ತಡವರಿಸಿದನು. ಇನ್ನೊಂದು ಮಾತು. ಚಕಮಕಿಯ ಆ ಪಿಸ್ತೂಲಿನಿಂದ ಅವನು ಮದ್ದು ತುಂಬದೆ ಮೂರು ಸಲ ಗುಂಡು ಹಾರಿಸಿದನು. ಅದನ್ನು ಇಬ್ಬರು ಮಾಸ್ತರರಲ್ಲಿ ಒಬ್ಬರಾದರೂ ಗಮನಿಸಲಿಲ್ಲ. ಮುಂದಿನ ಸಲ ಒಂದೇ ಹಾರಿಸಿ ಅದನ್ನು ಕೆಳಗೆ ಎಸೆಯಲಿ.